ಹಬ್ಬದ ದಿನಗಳಿಗೆ ಮುನ್ನ ಸಿಬ್ಬಂದಿಗೆ ಏನು ಹೇಳಬೇಕು? ಯಾವ ಮಗುವೂ ಹೊರಗುಳಿಯದ, ಅಪಾಯವಿಲ್ಲದ ತರಗತಿಯ ಬಗ್ಗೆ

ಪ್ರಶ್ನೆ: ಪ್ರಾಥಮಿಕ ವಿಭಾಗದ ಸಂಯೋಜಕಿ

ಎಲ್ಲರಿಗೂ ನಮಸ್ಕಾರ. ನಾನು ಒಂದು ಶಾಲೆಯ ಪ್ರಾಥಮಿಕ ವಿಭಾಗದ ಸಂಯೋಜಕಿ. ಹಬ್ಬಗಳ ಸಾಲು ಆರಂಭವಾಗುವ ಮುನ್ನ ಶಿಕ್ಷಕರು, ಆಯಾಗಳು, ಕಚೇರಿಯವರು ಮತ್ತು ವಾಹನ ಚಾಲಕರಿಗೆ ಒಂದೂವರೆ ಗಂಟೆಯ ಮಾರ್ಗದರ್ಶನ ಸಭೆ ನಡೆಸುವ ಹೊಣೆ ಈ ಬಾರಿ ನನ್ನ ಮೇಲಿದೆ. ಅದಕ್ಕಾಗಿ ಅನುಭವಸ್ಥರ ಸಲಹೆ ಬೇಕಾಗಿದೆ.

ಕಳೆದ ವರ್ಷದ ಆಚರಣೆಯ ದಿನ ನಡೆದ ಮೂರು ಸಂಗತಿಗಳು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಎರಡನೇ ತರಗತಿಯ ಒಬ್ಬ ಹುಡುಗನ ಮನೆಯಲ್ಲಿ ಹಬ್ಬಗಳನ್ನು ಆಚರಿಸುವುದಿಲ್ಲ; ಅವನ ತಂದೆ ತಾಯಿ ಮೊದಲೇ ಚೀಟಿ ಬರೆದು ಕಳುಹಿಸಿದ್ದರಿಂದ ಅವನನ್ನು ಕಾರ್ಯಕ್ರಮ ಮುಗಿಯುವವರೆಗೆ ಮೊಗಸಾಲೆಯ ಬೆಂಚಿನ ಮೇಲೆ ಕೂರಿಸಲಾಗಿತ್ತು. ನಾನು ಆ ದಾರಿಯಾಗಿ ಹೋದಾಗ ಅವನು, "ಮಿಸ್, ನಾನು ಏನು ತಪ್ಪು ಮಾಡಿದೆ?" ಎಂದು ಕೇಳಿದ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಥರ್ಮಾಕೋಲಿನ ದೊಡ್ಡದೊಂದು ಹಿನ್ನೆಲೆ ಚಿತ್ರ ಹಿಂಬಾಗಿಲನ್ನು ಪೂರ್ತಿ ಮುಚ್ಚಿತ್ತು. ಮಧ್ಯಾಹ್ನ, ಯಾರದೋ ಮನೆಯಿಂದ ಬಂದ ಸಿಹಿಯನ್ನು ತಿಂದ ಹುಡುಗಿಯೊಬ್ಬಳ ತುಟಿ ಊದಿಕೊಂಡಿತು. ಅವಳ ಔಷಧಿ ಕಚೇರಿಯ ಬೀರುವಿನಲ್ಲಿತ್ತು, ಬೀಗದ ಕೈ ಊಟಕ್ಕೆ ಹೋದವರ ಜೇಬಿನಲ್ಲಿತ್ತು. ಮಗು ಸುಧಾರಿಸಿಕೊಂಡಳು, ಆದರೆ ಅದು ನಮ್ಮ ಸಿದ್ಧತೆಯಿಂದ ಆದದ್ದಲ್ಲ.

ಆಡಳಿತ ಮಂಡಳಿಯವರು "ಎಲ್ಲರನ್ನೂ ಒಳಗೊಳ್ಳುವುದು" ಮತ್ತು "ಸುರಕ್ಷತೆ" ಎಂದು ಎರಡು ಪ್ರತ್ಯೇಕ ಅವಧಿಗಳನ್ನು ಮಾಡಲು ಸೂಚಿಸಿದ್ದಾರೆ. ನನಗೆ ಹಾಗೆ ವಿಭಾಗಿಸುವುದು ಸರಿ ಅನ್ನಿಸುತ್ತಿಲ್ಲ, ಆದರೆ ಕಾರಣವನ್ನು ಸ್ಪಷ್ಟವಾಗಿ ಹೇಳಲು ಆಗುತ್ತಿಲ್ಲ. ಹಿರಿಯ ಸಹೋದ್ಯೋಗಿಗಳು "ಇಷ್ಟು ವರ್ಷಗಳಲ್ಲಿ ಏನೂ ಆಗಿಲ್ಲವಲ್ಲ" ಎನ್ನುತ್ತಾರೆ. ಅವರನ್ನು ತಪ್ಪಿತಸ್ಥರನ್ನಾಗಿ ನಿಲ್ಲಿಸದೆ, ಮಕ್ಕಳ ಸಂಭ್ರಮವನ್ನೂ ಕಿತ್ತುಕೊಳ್ಳದೆ, ಈ ವಿಷಯವನ್ನು ಹೇಗೆ ಮುಂದಿಡಬೇಕು?

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯರು

ಮೇಡಂ ಅವರಿಗೆ ನಮಸ್ಕಾರ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನೀವು ಹೇಳಿದ ಮೂರು ಘಟನೆಗಳಲ್ಲಿಯೂ ಇದ್ದದ್ದು ಒಂದೇ ಕೊರತೆ: ಆಚರಣೆಯನ್ನು ಯೋಜಿಸಿದವರು ತಮ್ಮ ಕಣ್ಣ ಮುಂದೆ ಒಂದು ಸಾಮಾನ್ಯ ಮಗುವನ್ನು ಇಟ್ಟುಕೊಂಡಿದ್ದರು, ಎಲ್ಲ ಹಬ್ಬಗಳನ್ನೂ ಆಚರಿಸುವ, ಎಲ್ಲವನ್ನೂ ತಿನ್ನಬಲ್ಲ, ಗದ್ದಲವನ್ನು ಇಷ್ಟಪಡುವ, ಓಡಬಲ್ಲ ಮಗುವನ್ನು. ಆ ಮಗುವಿಗಿಂತ ಭಿನ್ನವಾದ ಮಗು ಬಂದಾಗ ಒಮ್ಮೆ ಅದನ್ನು ಬೆಂಚಿನ ಮೇಲೆ ಕೂರಿಸುತ್ತೇವೆ, ಇನ್ನೊಮ್ಮೆ ಅದಕ್ಕೆ ಔಷಧಿ ಹುಡುಕುತ್ತಾ ಓಡುತ್ತೇವೆ. ಆದ್ದರಿಂದ ಎರಡು ಅವಧಿಗಳು ಬೇಡ. "ಈ ಕೋಣೆಯಲ್ಲಿ ಯಾವ ಮಗುವನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ?" ಎಂಬ ಒಂದೇ ಪ್ರಶ್ನೆಯಿಂದ ಇಡೀ ಸಭೆಯನ್ನು ನಡೆಸಬಹುದು.

ಒಳಗೊಳ್ಳುವುದರ ಬಗ್ಗೆ ನಾನು ಸಿಬ್ಬಂದಿಗೆ ಮೊದಲು ಹೇಳುತ್ತಿದ್ದದ್ದು, ಒಂದು ಹಬ್ಬದ ಬಗ್ಗೆ ಕಲಿಸುವುದು ಬೇರೆ, ಆ ಹಬ್ಬದ ಆಚರಣೆಯನ್ನು ಮಕ್ಕಳಿಂದ ಮಾಡಿಸುವುದು ಬೇರೆ ಎಂಬುದನ್ನು. "ಈ ಸಮುದಾಯದವರು ಈ ದಿನ ಹೀಗೆ ಮಾಡುತ್ತಾರೆ, ಅದರ ಹಿಂದೆ ಈ ಕಥೆ ಇದೆ" ಎಂದು ವಿವರಿಸಿದರೆ ಅದು ಪಾಠ; ಅದರಲ್ಲಿ ಎಲ್ಲ ಮಕ್ಕಳೂ ಕುಳಿತು ಕೇಳಬಹುದು. ಮಕ್ಕಳು ಕೈ ಮುಗಿಯುವಂತೆ ಮಾಡುವುದು, ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಸುವುದು, ಧಾರ್ಮಿಕ ಗುರುತನ್ನು ಹಣೆಗೋ ಕೈಗೋ ಹಾಕುವುದು ಆಚರಣೆಗೆ ಸೇರುತ್ತದೆ. ಅದಕ್ಕೆ ಮಗುವಿನ ಮತ್ತು ಮನೆಯವರ ಒಪ್ಪಿಗೆ ಬೇಕು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿಯು ಆಲೋಚನೆ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ಮಗುವಿಗೇ ನೀಡುತ್ತದೆ, ಅದರಲ್ಲಿ ಮಗುವಿಗೆ ದಾರಿ ತೋರಿಸುವ ಪೋಷಕರ ಹಕ್ಕನ್ನೂ ಗೌರವಿಸುತ್ತದೆ. ಅದೇ ಒಡಂಬಡಿಕೆಯ 31ನೇ ವಿಧಿ ಆಟ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಹೇಳುತ್ತದೆ. ಈ ಎರಡನ್ನೂ ಒಟ್ಟಿಗೆ ಓದಿದರೆ, ಆಚರಣೆಯಿಂದ ಹೊರಗಿರುವ ಮಗುವಿಗೆ ಆಟದಿಂದಲೂ ಹೊರಗಿರುವ ಶಿಕ್ಷೆ ಆಗಬಾರದು ಎಂಬುದು ತಾನೇ ತಿಳಿಯುತ್ತದೆ.

ಆ ಹುಡುಗನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಪರ್ಯಾಯ ಚಟುವಟಿಕೆ ಎಂದರೆ ಖಾಲಿ ಬೆಂಚು ಅಲ್ಲ. ಅದು ಉಳಿದ ಮಕ್ಕಳೂ ಆಸೆಪಡುವಂಥದ್ದಾಗಿರಬೇಕು, ಮತ್ತು ಸಾಧ್ಯವಿದ್ದಷ್ಟು ಅದೇ ಕೋಣೆಯೊಳಗೆ, ಬೇರೆ ಮಕ್ಕಳಿಗೂ ತೆರೆದಿರಬೇಕು. ಯೆಹೋವನ ಸಾಕ್ಷಿಗಳಂಥ ಸಮುದಾಯದವರು ಹುಟ್ಟುಹಬ್ಬವನ್ನೂ ಆಚರಿಸುವುದಿಲ್ಲ ಎಂಬುದು ಹಲವು ಶಿಕ್ಷಕರಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಈಚೆಗೆ ಸಾವು ಸಂಭವಿಸಿದ್ದರಿಂದ ಹಬ್ಬ ಮಾಡದಿರುವವರೂ ಇರುತ್ತಾರೆ. ಕಾರಣ ಕೇಳದೆಯೇ ಸೇರಬಹುದಾದ ಎರಡು ಮೂರು ಚಟುವಟಿಕೆಗಳನ್ನು ಎಲ್ಲರಿಗೂ ಇಟ್ಟುಬಿಟ್ಟರೆ, ಯಾವ ಮಗುವೂ ತನ್ನ ಮನೆಯ ವಿಷಯವನ್ನು ತರಗತಿಯ ಮುಂದೆ ವಿವರಿಸಬೇಕಾಗುವುದಿಲ್ಲ.

ಇನ್ನೊಂದು ತಪ್ಪು ಒಳ್ಳೆಯ ಉದ್ದೇಶದಿಂದಲೇ ಆಗುತ್ತದೆ. ತರಗತಿಯಲ್ಲಿ ಒಂದು ಧರ್ಮದ ಒಬ್ಬಳೇ ಹುಡುಗಿ ಇದ್ದಾಳೆಂದು ಅವಳನ್ನು ಎಬ್ಬಿಸಿ, "ನಿಮ್ಮಲ್ಲಿ ಈ ಹಬ್ಬ ಹೇಗೆ ಮಾಡುತ್ತೀರಿ, ಎಲ್ಲರಿಗೂ ಹೇಳು" ಎನ್ನುವುದು. ಎಂಟು ವರ್ಷದ ಮಗು ಒಂದು ಸಮುದಾಯದ ವಕ್ತಾರಳಾಗುವ ಭಾರ ಹೊರಬಾರದು; ಅವಳು ತಾನಾಗಿ ಹೇಳಲು ಬಯಸಿದರೆ ಮಾತ್ರ ಅವಕಾಶ ಕೊಡಬೇಕು. ಒಂದೇ ಧರ್ಮದೊಳಗೂ ಭೇದಗಳಿರುತ್ತವೆ. ಕ್ರೈಸ್ತರಲ್ಲಿ ಬಹುಪಾಲು ಮಂದಿ ಡಿಸೆಂಬರ್ 25ರಂದು ಕ್ರಿಸ್ಮಸ್ ಆಚರಿಸಿದರೆ, ಜೂಲಿಯನ್ ಪಂಚಾಂಗವನ್ನು ಅನುಸರಿಸುವ ಕೆಲವು ಆರ್ಥೊಡಾಕ್ಸ್ ಚರ್ಚುಗಳಿಗೆ ಅದು ನಮ್ಮ ಕ್ಯಾಲೆಂಡರಿನ ಜನವರಿ 7ಕ್ಕೆ ಬರುತ್ತದೆ. ಇಸ್ಲಾಮೀ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ರಂಜಾನ್ ಪ್ರತಿವರ್ಷ ಹಿಂದಕ್ಕೆ ಸರಿಯುತ್ತದೆ. ಕಳೆದ ವರ್ಷದ ವೇಳಾಪಟ್ಟಿಯನ್ನೇ ನಕಲು ಮಾಡಿದ ಶಾಲೆ ಉಪವಾಸವಿರುವ ಮಕ್ಕಳನ್ನು ಓಟದ ಸ್ಪರ್ಧೆಯ ದಿನ ಬಿಸಿಲಿಗೆ ನಿಲ್ಲಿಸುತ್ತದೆ. ಪರೀಕ್ಷೆ, ಪ್ರವಾಸ ಮತ್ತು ಕ್ರೀಡಾಕೂಟದ ದಿನಾಂಕಗಳನ್ನು ನಿಗದಿ ಮಾಡುವ ಮುನ್ನ ಎಲ್ಲ ಸಮುದಾಯಗಳ ಆ ವರ್ಷದ ಪಂಚಾಂಗವನ್ನು ಕಚೇರಿಯವರು ಎದುರಿಗಿಟ್ಟುಕೊಳ್ಳಲಿ.

ಉತ್ತರ 2: ಶಾಲೆಯೊಂದರ ಅಗ್ನಿ ಸುರಕ್ಷತೆಯ ಹೊಣೆ ಹೊತ್ತಿರುವ ದೈಹಿಕ ಶಿಕ್ಷಣ ಶಿಕ್ಷಕ

"ಇಷ್ಟು ವರ್ಷಗಳಲ್ಲಿ ಏನೂ ಆಗಿಲ್ಲ" ಎನ್ನುವವರಿಗೆ ನಾನು ಒಂದೇ ದಿನಾಂಕವನ್ನು ನೆನಪಿಸುತ್ತೇನೆ. 1995ರ ಡಿಸೆಂಬರ್ 23ರಂದು ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕ ಸಮಾರಂಭ ನಡೆಯುತ್ತಿದ್ದಾಗ ಶಾಮಿಯಾನಕ್ಕೆ ಬೆಂಕಿ ಹೊತ್ತಿಕೊಂಡು 400ಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹಳಷ್ಟು ಮಕ್ಕಳು, ಪ್ರಾಣ ಕಳೆದುಕೊಂಡರು. ಕೃತಕ ನೂಲಿನ ಬಟ್ಟೆ ಬೇಗನೆ ಹೊತ್ತಿಕೊಂಡಿತು, ಅಷ್ಟು ಜನರಿಗೆ ಹೊರಬೀಳುವ ದಾರಿ ಸಾಲಲಿಲ್ಲ. ಅಲ್ಲಿ ಸೇರಿದ್ದವರೂ ನಮ್ಮಂತೆಯೇ ಮಕ್ಕಳ ಸಂತೋಷವನ್ನು ನೋಡಲು ಬಂದವರು. ಇದನ್ನು ಭಯ ಹುಟ್ಟಿಸಲು ಹೇಳಬೇಡಿ. ಬಾಗಿಲು ಎಂಬುದು ಅಲಂಕಾರದ ಜಾಗವಲ್ಲ ಎಂಬುದು ಮನಸ್ಸಿಗೆ ಇಳಿಯಲಿ ಎಂದು ಹೇಳಿ.

ನಿಮ್ಮ ಶಾಲೆಯ ಹಿಂಬಾಗಿಲನ್ನು ಮುಚ್ಚಿದ್ದ ಥರ್ಮಾಕೋಲ್ ಎರಡು ಬಗೆಯಲ್ಲಿ ಅಪಾಯಕಾರಿ: ದಾರಿಯನ್ನು ಮುಚ್ಚುತ್ತದೆ, ಬೆಂಕಿ ತಗುಲಿದರೆ ಕರಗಿ ತೊಟ್ಟಿಕ್ಕುತ್ತಾ ದಟ್ಟವಾದ ಕಪ್ಪು ಹೊಗೆಯನ್ನು ಉಗುಳುತ್ತದೆ. ಗೋಡೆಗಳ ವಿಷಯದಲ್ಲಿ ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆಗಳಲ್ಲಿರುವ ಒಂದು ಅಳತೆ ಎಲ್ಲ ಶಾಲೆಗಳಿಗೂ ಉಪಯೋಗಕ್ಕೆ ಬರುವಂಥದ್ದು: ತಾನಾಗಿ ನೀರು ಸಿಂಪಡಿಸುವ ವ್ಯವಸ್ಥೆ ಇಲ್ಲದ ತರಗತಿಯಲ್ಲಿ ಕಾಗದದ ಚಿತ್ರ ಮತ್ತು ಬೋಧನಾ ಸಾಮಗ್ರಿಗಳು ಗೋಡೆಯ ಶೇ 20ರಷ್ಟನ್ನು ಮಾತ್ರ ಆವರಿಸಬಹುದು. ಅಂದರೆ ಐದು ಭಾಗದಲ್ಲಿ ಒಂದು ಭಾಗ. ನಾನು ಶಿಕ್ಷಕರಿಗೆ ಗೋಡೆಯನ್ನು ಕಣ್ಣಂದಾಜಿನಲ್ಲಿ ಐದಾಗಿ ಭಾಗಿಸಿ ನೋಡಲು ಹೇಳುತ್ತೇನೆ, ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ. ನಿಮ್ಮ ಪ್ರದೇಶದ ಅಗ್ನಿಶಾಮಕ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಬೇಕು. ಸೀಲಿಂಗಿನಿಂದ ತೋರಣಗಳನ್ನು ಇಳಿಬಿಡುವುದು, ಹೊಗೆ ಪತ್ತೆ ಮಾಡುವ ಸಾಧನಕ್ಕೋ ತುರ್ತು ದಾರಿಯ ಫಲಕಕ್ಕೋ ಬಣ್ಣದ ಕಾಗದ ಸುತ್ತುವುದು ಯಾವ ಕಾರಣಕ್ಕೂ ಬೇಡ.

ವಿದ್ಯುತ್ತಿನ ವಿಷಯಕ್ಕೆ ಬಂದರೆ, ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಮತ್ತೊಂದನ್ನು ಸಿಕ್ಕಿಸುವುದನ್ನು ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ. ವೈರನ್ನು ನೆಲಹಾಸಿನ ಕೆಳಗೆ ಹಾಯಿಸಬಾರದು, ಮಕ್ಕಳ ನಡಿಗೆಯ ದಾರಿಗೆ ಅಡ್ಡ ಬಿಡಬಾರದು, ಕೊನೆಯಲ್ಲಿ ಹೊರಡುವವರು ಎಲ್ಲ ದೀಪಗಳ ಪ್ಲಗ್ ಕೀಳಬೇಕು. ಎಲ್‌ಇಡಿ ಸರಗಳು ಹಳೆಯ ಬಲ್ಬುಗಳಿಗಿಂತ ಬಹಳ ಕಡಿಮೆ ಬಿಸಿಯಾಗುತ್ತವೆ. ಮಿಣುಕು ದೀಪಗಳನ್ನು ಮಾತ್ರ ನಿಂತು ಉರಿಯುವಂತೆ ಇಟ್ಟುಕೊಳ್ಳಿ. ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು ಅಪಸ್ಮಾರದ ಒಂದು ಬಗೆಯಿರುವ ಮಕ್ಕಳಲ್ಲಿ ಸೆಳವನ್ನು ತರಬಲ್ಲದು, ಮತ್ತು ಮಗುವಿಗೆ ಆ ತೊಂದರೆ ಇದೆ ಎಂಬುದು ಎಷ್ಟೋ ವೇಳೆ ಮೊದಲ ಬಾರಿ ಸೆಳವು ಬಂದಾಗಲೇ ಗೊತ್ತಾಗುವುದು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಟಿ.ವಿ.ಯ ವ್ಯಂಗ್ಯಚಿತ್ರ ಕಾರ್ಯಕ್ರಮವೊಂದರಲ್ಲಿ ಕೆಂಪು ಮತ್ತು ನೀಲಿ ಬೆಳಕು ವೇಗವಾಗಿ ಮಿನುಗಿದ ಬಳಿಕ 600ಕ್ಕೂ ಹೆಚ್ಚು ಮಂದಿಯನ್ನು, ಬಹುತೇಕ ಮಕ್ಕಳನ್ನೇ, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು.

ಇನ್ನು, ಅಲಂಕಾರ ಮಾಡುವ ಶಿಕ್ಷಕರ ಸುರಕ್ಷತೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಶಿಕ್ಷಕಿ, ಕೆಳಗೆ ಹಿಡಿದುಕೊಳ್ಳಲು ಒಂಬತ್ತು ವರ್ಷದ ಮಗು: ಈ ದೃಶ್ಯವನ್ನು ನಾನು ಪ್ರತಿವರ್ಷ ಕಾಣುತ್ತೇನೆ. ಶಾಲೆ ಒಂದು ಗಟ್ಟಿಯಾದ ಏಣಿಯನ್ನು ಕೊಡಿಸಲಿ, ಅದನ್ನು ಹಿಡಿಯಲು ದೊಡ್ಡವರು ಇರಲಿ.

ಉತ್ತರ 3: ಶಾಲಾ ಶುಶ್ರೂಷಕಿ

ಮೇಲಿನ ಉತ್ತರಕ್ಕೆ ಒಂದು ಮುಖ್ಯವಾದ ಎಚ್ಚರಿಕೆಯನ್ನು ಸೇರಿಸಬೇಕು. ಬೆಂಕಿಯ ಭಯದಿಂದ ಮೇಣದ ಬತ್ತಿಯನ್ನು ಬಿಟ್ಟು ಬ್ಯಾಟರಿಯ ಪುಟ್ಟ ದೀಪಗಳನ್ನು ತರುವ ಶಾಲೆಗಳು ಹೆಚ್ಚುತ್ತಿವೆ. ಅದು ಸರಿಯಾದ ನಿರ್ಧಾರವೇ. ಆದರೆ ಆ ದೀಪಗಳೊಳಗೆ, ಹಾಡುವ ಶುಭಾಶಯ ಪತ್ರಗಳೊಳಗೆ, ಮಿನುಗುವ ಉಂಗುರಗಳೊಳಗೆ ನಾಣ್ಯದಂಥ ಬಟನ್ ಸೆಲ್ ಇರುತ್ತದೆ. ಸುಮಾರು 20 ಮಿಲಿಮೀಟರ್ ಅಗಲದ ಲಿಥಿಯಂ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಅಲ್ಲಿನ ಅಂಗಾಂಶವನ್ನು ತೀವ್ರವಾಗಿ ಸುಡಬಲ್ಲದು. ಸೆಲ್ಲಿನ ಮುಚ್ಚಳ ಸ್ಕ್ರೂನಿಂದ ಭದ್ರವಾಗಿಲ್ಲದ ಯಾವ ವಸ್ತುವನ್ನೂ ಚಿಕ್ಕ ಮಕ್ಕಳ ಕೋಣೆಗೆ ಬಿಡಬೇಡಿ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ, ಲಕ್ಷಣಗಳಿಗಾಗಿ ಕಾಯದೆ, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಬಲೂನುಗಳ ಬಗ್ಗೆಯೂ ಇಷ್ಟೇ ಎಚ್ಚರ ಬೇಕು: ಒಡೆದ ರಬ್ಬರಿನ ಚೂರು ಗಂಟಲಿನ ಆಕಾರಕ್ಕೆ ಅಂಟಿಕೊಂಡು ಉಸಿರುಗಟ್ಟಿಸುತ್ತದೆ, ಕೆಲವರಿಗೆ ಲೇಟೆಕ್ಸ್ ಒಗ್ಗುವುದೂ ಇಲ್ಲ.

ತಿಂಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಾದುದು. ಮನೆಯಲ್ಲಿ ಮಾಡಿದ ಸಿಹಿಯನ್ನು ತರಗತಿಗೆಲ್ಲ ಹಂಚುವುದು ಬೇಡ. ಪ್ರೀತಿಯಿಂದ ಮಾಡಿದವರ ಮನಸ್ಸಿಗೆ ನೋವಾಗುತ್ತದೆ ಎಂಬುದು ನನಗೆ ಗೊತ್ತು, ಆದರೆ ಆ ಡಬ್ಬಿಯ ಮೇಲೆ ಒಳಗೇನಿದೆ ಎಂಬ ಚೀಟಿ ಇರುವುದಿಲ್ಲ. ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ ಬಾದಾಮಿಯಂಥ ಬೀಜಗಳು, ಗೋಧಿ, ಸೋಯಾ, ಎಳ್ಳು, ಮೀನು, ಸಿಗಡಿ: ತೀವ್ರ ಅಲರ್ಜಿ ತರುವ ಆಹಾರಗಳಲ್ಲಿ ಹೆಚ್ಚಿನವು ಇವೇ. ಒಳಗೊಳ್ಳುವ ದೃಷ್ಟಿಯಿಂದಲೂ ತಿಂಡಿ ಹಂಚದಿರುವುದೇ ಉತ್ತಮ, ಏಕೆಂದರೆ ಧರ್ಮದ ಕಾರಣಕ್ಕೋ ಮಧುಮೇಹದ ಕಾರಣಕ್ಕೋ ಉಪವಾಸದ ಕಾರಣಕ್ಕೋ ತಿನ್ನಲಾಗದ ಮಗು ಕೈಕಟ್ಟಿ ನೋಡುತ್ತಾ ಕೂರಬೇಕಾಗುವುದಿಲ್ಲ. ತಿನ್ನುವ ವಸ್ತುವಿನ ಬದಲು ಪೆನ್ಸಿಲ್, ಹೂಬೀಜ, ಕಥೆ ಹೇಳುವ ಹೆಚ್ಚುವರಿ ಅವಧಿ ಏನಾದರೂ ಇರಲಿ. ಕರಕುಶಲ ಸಾಮಗ್ರಿಗಳನ್ನೂ ನೋಡಿ: ಮೆತ್ತನೆಯ ಆಟದ ಹಿಟ್ಟಿನಲ್ಲಿ ಗೋಧಿ ಇರುವುದು ಸಾಮಾನ್ಯ. ಕೈಯನ್ನು ಸೋಪು ಮತ್ತು ನೀರಿನಿಂದ ತೊಳೆಸಬೇಕು. ಸ್ಯಾನಿಟೈಸರ್ ರೋಗಾಣುಗಳನ್ನು ಕೊಲ್ಲಬಹುದು, ಆದರೆ ಕಡಲೆಕಾಯಿಯ ಅಲರ್ಜಿಕಾರಕ ಅಂಶವನ್ನು ತೆಗೆಯುವುದಿಲ್ಲ.

ಆ ಬೀರುವಿನ ಬೀಗದ ಬಗ್ಗೆ ಓದಿ ನನಗೆ ಸಂಕಟವಾಯಿತು. ತೀವ್ರ ಅಲರ್ಜಿಯಾದಾಗ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಎಲ್ಲ ದೊಡ್ಡವರ ಕೈಗೆ ಸಿಗುವಂತೆ, ಮಕ್ಕಳ ಕೈಗೆ ಎಟುಕದಂತೆ, ಬೀಗವಿಲ್ಲದೆ ಇರಬೇಕು. ಕಾರ್ಯಕ್ರಮ ಸಭಾಂಗಣದಲ್ಲಿ ನಡೆದರೆ ಅದೂ ಸಭಾಂಗಣಕ್ಕೆ ಹೋಗಬೇಕು. ಉಸಿರಾಟ ಕಷ್ಟವಾದರೆ, ನಾಲಿಗೆ ಊದಿದರೆ, ಮಗು ಬಿಳಿಚಿಕೊಂಡು ಕುಸಿದರೆ ಮೊದಲು ಅಡ್ರಿನಲಿನ್, ತೊಡೆಯ ಹೊರಭಾಗದ ಮಧ್ಯಕ್ಕೆ, ಅಗತ್ಯವಾದರೆ ಬಟ್ಟೆಯ ಮೇಲಿಂದಲೇ. ಅಲರ್ಜಿಯ ಮಾತ್ರೆ ಅದಕ್ಕೆ ಬದಲಿಯಲ್ಲ. ತಕ್ಷಣ ಆಂಬುಲೆನ್ಸ್ ಕರೆಯಬೇಕು. ಮಗುವನ್ನು ಮಲಗಿಸಿ ಕಾಲನ್ನು ಎತ್ತರಿಸಬೇಕು, ಉಸಿರಾಡಲು ಕಷ್ಟವಾಗುತ್ತಿದ್ದರೆ ಕೂರಿಸಬಹುದು, ಆದರೆ ಎಬ್ಬಿಸಿ ನಡೆಸಬಾರದು. 5ರಿಂದ 15 ನಿಮಿಷದಲ್ಲಿ ಸುಧಾರಣೆ ಕಾಣದಿದ್ದರೆ ಎರಡನೇ ಬಾರಿ ಕೊಡಬೇಕಾಗಬಹುದು. ಸಭೆಯಲ್ಲಿ ಈ ಚುಚ್ಚುಮದ್ದಿನ ತರಬೇತಿಗಾಗಿಯೇ ಇರುವ, ಔಷಧಿಯಿಲ್ಲದ ಖಾಲಿ ಸಾಧನವನ್ನು ಪ್ರತಿಯೊಬ್ಬರ ಕೈಗೂ ಕೊಟ್ಟು ಅಭ್ಯಾಸ ಮಾಡಿಸಿ. ಚಾಲಕರನ್ನು ಬಿಡಬೇಡಿ, ಹಂಚಿದ ಸಿಹಿಯನ್ನು ಮಕ್ಕಳು ತಿನ್ನುವುದು ಹೆಚ್ಚಾಗಿ ವಾಹನದಲ್ಲಿ.

ಉತ್ತರ 4: ಒಬ್ಬ ತಾಯಿ

ನನ್ನ ಮಗ ಆಟಿಸಂ ಇರುವ ಹುಡುಗ. ಹಬ್ಬದ ವಾರ ಅವನಿಗೆ ವರ್ಷದಲ್ಲೇ ಕಷ್ಟದ ವಾರ. ವೇಳಾಪಟ್ಟಿ ಬದಲಾಗುತ್ತದೆ, ಮೈಕಿನ ಸದ್ದು ಇರುತ್ತದೆ, ಪರಿಚಯದ ಶಿಕ್ಷಕಿಯೇ ವೇಷ ತೊಟ್ಟು ಬೇರೆಯವರಂತೆ ಕಾಣುತ್ತಾರೆ. ಕಳೆದ ವರ್ಷ ಅವನ ಶಿಕ್ಷಕಿ ನಾನು ಕೇಳದೆಯೇ ಹಿಂದಿನ ದಿನ ಸಂಜೆ ಅವನನ್ನು ಖಾಲಿ ಸಭಾಂಗಣಕ್ಕೆ ಕರೆದೊಯ್ದು, ದೀಪಗಳನ್ನು ತೋರಿಸಿ, ಮರುದಿನ ಯಾವುದರ ನಂತರ ಯಾವುದು ಬರುತ್ತದೆ ಎಂಬುದನ್ನು ಚಿತ್ರಗಳಲ್ಲಿ ಬರೆದುಕೊಟ್ಟರು. ಬಾಗಿಲ ಪಕ್ಕದ ಕುರ್ಚಿಯನ್ನು ಅವನಿಗಾಗಿ ಇಟ್ಟು, ಸಾಕು ಅನ್ನಿಸಿದಾಗ ಹಳದಿ ಕಾರ್ಡು ತೋರಿಸಿದರೆ ಗ್ರಂಥಾಲಯಕ್ಕೆ ಹೋಗಬಹುದು ಎಂದು ಹೇಳಿದರು. ಅವನು ಹದಿನೈದು ನಿಮಿಷ ಕುಳಿತು, ಕಾರ್ಡು ತೋರಿಸಿ ಹೋದ. ಅವನು ಒಂದು ಕಾರ್ಯಕ್ರಮದಲ್ಲಿ ಅಳದೆ ಕುಳಿತದ್ದು ಅದೇ ಮೊದಲು. ಆ ಶಿಕ್ಷಕಿಯಂತೆ ಮಾಡಿ ಎಂದು ನಿಮ್ಮ ಸಿಬ್ಬಂದಿಗೆ ಹೇಳಿ. ಅದಕ್ಕೆ ಖರ್ಚೇನೂ ತಗಲುವುದಿಲ್ಲ.

ಒಂದು ವಿನಂತಿಯೂ ಇದೆ. ಮಕ್ಕಳ ಫೋಟೋ ತೆಗೆದು ಹಂಚುವ ಮುನ್ನ ದಯವಿಟ್ಟು ಒಪ್ಪಿಗೆ ಪಡೆಯಿರಿ. ಕೆಲವು ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಎಂಬುದು ಎಲ್ಲರಿಗೂ ತಿಳಿಯಬಾರದ ಸ್ಥಿತಿಯಲ್ಲಿರುತ್ತಾರೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ವಿಷಯಗಳು ಉಳಿದಿವೆ. ನಮ್ಮಲ್ಲಿ ಕೆಲವರು ಮಕ್ಕಳ ನಡುವೆ ಉಡುಗೊರೆ ವಿನಿಮಯ ಇಟ್ಟುಕೊಳ್ಳಬೇಕೆಂದು ಬಯಸುತ್ತಾರೆ. ಮೊತ್ತಕ್ಕೆ ಮಿತಿ ಹಾಕಿದರೆ ಸಾಕೆ? ಹಾಗೆಯೇ, ಸಿಬ್ಬಂದಿಯಲ್ಲಿಯೇ ಆಚರಣೆಗೆ ಸೇರಲು ಇಷ್ಟವಿಲ್ಲದವರು ಇದ್ದಾರೆ, ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಉತ್ತರ 5: ನಿವೃತ್ತ ಮುಖ್ಯೋಪಾಧ್ಯಾಯರು

ಮಿತಿ ಹಾಕಿದರೆ ಸಾಲದು. ಮಿತಿ ಎಷ್ಟೇ ಕಡಿಮೆಯಿದ್ದರೂ ಅದನ್ನು ಮನೆಯಲ್ಲಿ ಕೇಳಲು ಹಿಂಜರಿದು ಆ ದಿನ ಶಾಲೆಗೇ ಬಾರದ ಮಕ್ಕಳನ್ನು ನಾನು ಬಲ್ಲೆ. ಎಲ್ಲರಿಗೂ ಒಂದೇ ಕಾಗದ ಕೊಟ್ಟು, ಚೀಟಿಯಲ್ಲಿ ಬಂದ ಗೆಳೆಯನಿಗೆ ತರಗತಿಯಲ್ಲಿಯೇ ಕೈಯಾರೆ ಒಂದು ಪತ್ರ ಮಾಡಿಸುವುದು ಸಾಕು. ರಜೆ ಮುಗಿದು ಬಂದ ಮೊದಲ ದಿನ "ಹಬ್ಬಕ್ಕೆ ಏನೇನು ಕೊಂಡಿರಿ, ಎಲ್ಲಿಗೆ ಹೋಗಿದ್ದಿರಿ?" ಎಂಬ ಪ್ರಶ್ನೆಯನ್ನೂ ಕೈಬಿಡಿ; "ರಜೆಯಲ್ಲಿ ನೋಡಿದ ಒಂದು ವಸ್ತುವಿನ ಬಗ್ಗೆ ಬರೆಯಿರಿ" ಎಂದರೆ ಮನೆಯಲ್ಲೇ ಇದ್ದ ಮಗುವಿಗೂ ಬರೆಯಲು ಏನಾದರೂ ಇರುತ್ತದೆ. ಕೆಲವು ಮಕ್ಕಳಿಗೆ ರಜೆ ಎಂದರೆ ಶಾಲೆಯ ಊಟವಿಲ್ಲದ, ದೊಡ್ಡವರ ಜಗಳದ ನಡುವೆ ಕಳೆಯಬೇಕಾದ ದಿನಗಳು. ರಜೆ ಹತ್ತಿರವಾದಂತೆ ಮೌನವಾಗುವ ಅಥವಾ ವಿನಾಕಾರಣ ಸಿಟ್ಟಾಗುವ ಮಗುವನ್ನು ತರಗತಿಯ ಶಿಕ್ಷಕರು ಗುರುತಿಸಿ ಮಕ್ಕಳ ರಕ್ಷಣೆಯ ಹೊಣೆಯಿರುವವರಿಗೆ ತಿಳಿಸಲಿ.

ಸಿಬ್ಬಂದಿಯ ವಿಷಯದಲ್ಲಿ, ಒಂದೇ ಬಣ್ಣದ ಉಡುಪು, ವಂತಿಗೆ, ವೇದಿಕೆಯ ನೃತ್ಯ ಇವನ್ನು ಕಡ್ಡಾಯ ಮಾಡಬೇಡಿ, ಮತ್ತು ಬಾರದವರ ಹೆಸರನ್ನು ಗುಂಪಿನಲ್ಲಿ ಕೇಳಬೇಡಿ. ಅಂಥವರು ಆ ದಿನ ಬಾಗಿಲ ಬಳಿ ಮಕ್ಕಳ ಎಣಿಕೆಯನ್ನೋ ಗ್ರಂಥಾಲಯದ ಕೋಣೆಯನ್ನೋ ನೋಡಿಕೊಳ್ಳಲು ಸಂತೋಷದಿಂದ ಒಪ್ಪುತ್ತಾರೆ, ಮತ್ತು ಆ ಕೆಲಸ ನೃತ್ಯಕ್ಕಿಂತ ಕಡಿಮೆಯದಲ್ಲ ಎಂಬುದನ್ನು ನೀವು ಎಲ್ಲರ ಮುಂದೆ ಹೇಳಬೇಕು.

ಪ್ರಶ್ನೆ ಕೇಳಿದವರ ಕೊನೆಯ ಟಿಪ್ಪಣಿ

ಆಡಳಿತ ಮಂಡಳಿಯವರು ಒಂದೇ ಅವಧಿಗೆ ಒಪ್ಪಿಕೊಂಡಿದ್ದಾರೆ. ಭಾಷಣದಿಂದ ಆರಂಭಿಸದೆ, ಕಳೆದ ವರ್ಷದಂತೆಯೇ ಅಲಂಕರಿಸಿದ ಒಂದು ತರಗತಿಗೆ ಸಿಬ್ಬಂದಿಯನ್ನು ಆರು ಗುಂಪುಗಳಾಗಿ ಕರೆದೊಯ್ಯುತ್ತೇನೆ. ಪ್ರತಿ ಗುಂಪಿಗೂ ಒಂದು ಮಗುವಿನ ವಿವರವಿರುವ ಚೀಟಿ ಕೊಡುತ್ತೇನೆ: ಎಳ್ಳು ಒಗ್ಗದ ಹುಡುಗಿ, ಗಾಲಿಕುರ್ಚಿಯಲ್ಲಿ ಬರುವ ಹುಡುಗ, ಹಬ್ಬ ಆಚರಿಸದ ಮನೆಯ ಮಗು, ಸದ್ದು ತಡೆಯಲಾಗದ ಮಗು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಪುಟ್ಟ ಮಗು, ತಂದೆಯನ್ನು ಈಚೆಗೆ ಕಳೆದುಕೊಂಡ ಮಗು. ಆ ಮಗುವಿನ ಕಣ್ಣಿನಿಂದ ಕೋಣೆಯನ್ನು ನೋಡಿ ಏನು ಬದಲಾಗಬೇಕೆಂದು ಅವರೇ ಹೇಳಲಿ. ಔಷಧಿಯ ಪೆಟ್ಟಿಗೆ ನಿನ್ನೆಯೇ ಬೀರುವಿನಿಂದ ಹೊರಬಂದು ಸಿಬ್ಬಂದಿ ಕೋಣೆಯ ಗೋಡೆಗೆ ಏರಿದೆ. ಬೆಂಚಿನ ಮೇಲೆ ಕುಳಿತಿದ್ದ ಆ ಹುಡುಗ ಈಗ ಮೂರನೇ ತರಗತಿಯಲ್ಲಿದ್ದಾನೆ. ಅವನ ತಂದೆ ತಾಯಿಯನ್ನು ಮುಂದಿನ ವಾರ ಭೇಟಿಯಾಗಿ, ಈ ಬಾರಿ ಅವನು ಏನು ಮಾಡಲು ಇಷ್ಟಪಡುತ್ತಾನೆ ಎಂಬುದನ್ನು ಅವನನ್ನೂ ಕೂರಿಸಿಕೊಂಡು ಕೇಳುತ್ತೇನೆ.